ಮಗುವಿನ ಕೈಯಲ್ಲಿದ್ದ ಕಂದು ಕಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಬಲಿಪೀಠದ ಹಿಂದೆ ಕಟ್ಟಿದ ಅಟ್ಟಣಿಗೆಯ ಮೇಲೆ ಕೂತು ಹತ್ತಿಯಕ್ಕ ಕಡ್ಡಿಗೆ ಹತ್ತಿ ಸುತ್ತುತ್ತಾರೆ, ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಾರೆ, ಮುನ್ನೂರು ವರ್ಷದ ಚಿತ್ರದ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಹೌದು, ಎಂಜಲೇ. ಮೇಣದಬತ್ತಿಯ ಮಸಿ ತೆಗೆಯಲು ಅದಕ್ಕಿಂತ ಮೃದುವಾದದ್ದು ಇಲ್ಲವಂತೆ.

"ದೇವರ ಮುಖಕ್ಕೆ ಎಂಜಲು ಹಚ್ತೀಯಲ್ಲೇ ಅಂತ ನಮ್ಮತ್ತೆ ಆರು ತಿಂಗಳು ಮಾತು ಬಿಟ್ಟಿದ್ರು. ಮನೇಲಿ ಅಷ್ಟು ನೆಮ್ಮದಿ ಮತ್ತೆ ಸಿಗಲಿಲ್ಲ" ಎಂದು ನಗುತ್ತಾರೆ.

ಇಲ್ಲಿಗೆ ನೆಲ ಗುಡಿಸಲು ಬಂದವರು. ಚಿತ್ರ ರಿಪೇರಿಯ ಮೇಷ್ಟ್ರು ಇವರ ಕೈಯ ಹಗುರತನ ಕಂಡು ಮೇಲೆ ಹತ್ತಿಸಿದರು. ಅದಾಗಿ ಇಪ್ಪತ್ತಾರು ವರ್ಷ. ದಿನಕ್ಕೆ ಅರವತ್ತು ಕಡ್ಡಿ ಖರ್ಚಾದರೆ ಅಂಗೈಯಗಲ ಜಾಗ ಶುದ್ಧವಾಗುತ್ತದೆ. ಕತ್ತು ಈಗ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದ್ದರು. "ನೊಣ ಕೂತು ಮಾಡಿದ ಗಲೀಜು ಅಂದ್ಕೊಂಡು ಉಜ್ಜಿಬಿಟ್ಟೆ. ಅದು ಚಿತ್ರಕಾರನೇ ಬರೆದ ನೊಣ, ಪಾಪದ ಗುರುತು. ಮೇಷ್ಟ್ರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು." ಮರುದಿನದಿಂದ ಅವರು ಚಿತ್ರ ಓದುವುದನ್ನು ಕಲಿಸಿದರು: ಬಿಳಿ ಲಿಲ್ಲಿ ಮೇರಿ ಮಾತೆಯ ನಿರ್ಮಲತೆ, ನೀಲಿ ಹೊದಿಕೆ ಸ್ವರ್ಗ, ಸೇಬು ಮನುಷ್ಯನ ಮೊದಲ ತಪ್ಪು.

ಈಗ ಸಂಕಟ ತಂದಿರುವುದು ಬಾಲಯೇಸುವಿನ ಮುಷ್ಟಿಯಲ್ಲಿರುವ ಕಂದು ಕಲೆ. ಅದು ಬರೀ ಕೊಳೆ, ಭಾನುವಾರದೊಳಗೆ ಕಟುವಾದ ರಾಸಾಯನಿಕ ದ್ರಾವಣ ಹಚ್ಚಿ ತೆಗೆಯಿರಿ, ಆಗದಿದ್ದರೆ ಬೇರೆಯವರನ್ನು ಕರೆಸುತ್ತೇವೆ ಎಂದು ಚರ್ಚಿನ ಹಿರಿಯರು ಹೇಳಿಬಿಟ್ಟಿದ್ದಾರೆ. ಕಲೆಯ ಅಡಿಯಲ್ಲಿ ಚಿತ್ರವಿದ್ದರೆ ದ್ರಾವಣಕ್ಕೆ ಅದೂ ಹೋಗುತ್ತದೆ. ಎಂಜಲಿನಲ್ಲೇ ಪ್ರಯತ್ನಿಸುತ್ತೇನೆಂದು ಹತ್ತಿಯಕ್ಕ ಅಂಗಲಾಚಿ ನಾಲ್ಕು ದಿನ ಪಡೆದಿದ್ದಾರೆ. ಇವತ್ತು ನಾಲ್ಕನೆಯದು.

ಪಕ್ಕದ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಹನ್ನೆರಡನೇ ಕಡ್ಡಿಗೆ ಸಾಸಿವೆಯಷ್ಟು ಕೆಂಪು ಕಾಣಿಸುತ್ತದೆ. ಅವರ ಕೈ ನಿಲ್ಲುತ್ತದೆ. ಇನ್ನೊಂದು ಕಡ್ಡಿಗೆ ಕಪ್ಪು ಕಣ್ಣು, ಮತ್ತೊಂದಕ್ಕೆ ರೆಕ್ಕೆಯ ಹಳದಿ. ಪುಟ್ಟ ಹಕ್ಕಿ!

ಬೆಳಗಿನ ಪ್ರಾರ್ಥನೆಗೆ ಬಂದ ಪಾದ್ರಿ ಏಣಿ ಹತ್ತಿ ಹಕ್ಕಿಯ ಕೆಂಪು ಮುಖವನ್ನು ಬಗ್ಗಿ ನೋಡುತ್ತಾರೆ. ಶಿಲುಬೆಯ ಮೇಲಿದ್ದ ಯೇಸುವಿನ ಹಣೆಯಿಂದ ಮುಳ್ಳು ಕೀಳಲು ಹೋಗಿ ಮುಖಕ್ಕೆ ರಕ್ತ ಅಂಟಿಸಿಕೊಂಡ ಹಕ್ಕಿಯ ಕತೆ ಅವರಿಗೆ ಗೊತ್ತು. ತಾಯಿಯ ತೊಡೆಯ ಮೇಲಿನ ಕೂಸು ತನ್ನ ಮರಣವನ್ನೇ ಮುಷ್ಟಿಯಲ್ಲಿ ಹಿಡಿದು ನಗುತ್ತಿದೆ.

"ಚಿತ್ರದ ಬೆನ್ನಿಗೆ ನಿಮ್ಮ ಹೆಸರು ಬರೆಸೋಣಮ್ಮ" ಎನ್ನುತ್ತಾರೆ ಪಾದ್ರಿ.

ಹತ್ತಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ನನ್ನ ಹೆಸರು ಯಾಕೆ ಫಾದರ್? ಇಲ್ಲೊಂದು ಹಕ್ಕಿ ಇದೆ, ಉಜ್ಜಬೇಡಿ ಅಂತ ಬರೆಸಿ, ಸಾಕು."