ನೀರಿನ ಕೊಳವೆಯಲ್ಲಿ ಸಿಕ್ಕಿದ್ದು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೋಪಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಊರಿನವರ ಹೊಟ್ಟೆ ಕೆಡಿಸುವ ವೈರಸ್ಸುಗಳ ಜಾತಕ ಜಾಲಾಡುವುದೇ ಅವಳ ಕೆಲಸ. ಎಲ್ಲಾದರೂ ಹತ್ತಿಪ್ಪತ್ತು ಜನ ಒಟ್ಟಿಗೆ ವಾಂತಿಭೇದಿಗೆ ಬಿದ್ದರೆ ಅವರ ಮಲದ ಡಬ್ಬಿಗಳು ಅವಳ ಮೇಜಿಗೆ ಬರುತ್ತಿದ್ದವು. ಅದರಿಂದ ವೈರಸ್ಸನ್ನು ಬೇರ್ಪಡಿಸಿ, ಅದರೊಳಗಿನ ವಂಶವಾಹಿಯ ಏಳೂವರೆ ಸಾವಿರ ಅಕ್ಷರಗಳನ್ನು ಯಂತ್ರದಿಂದ ಓದಿಸಿ, ಒಬ್ಬರದರ ಪಕ್ಕ ಇನ್ನೊಬ್ಬರದನ್ನು ಇಟ್ಟು ನೋಡಿದರೆ ಎಲ್ಲರಿಗೂ ಒಂದೇ ಕಡೆಯಿಂದ ಅಂಟಿತೋ ಇಲ್ಲವೋ ತಿಳಿಯುತ್ತದೆ. ಇಂಥವಳ ಮನೆಗೆ ಊಟಕ್ಕೆ ಹೋಗುವುದೆಂದರೆ ನೆಂಟರಿಗೆ ಪರೀಕ್ಷೆಗೆ ಕೂತ ಹಾಗೆ. ಎಲ್ಲರೂ ಸೋಪು ಹಚ್ಚಿ, ಇಪ್ಪತ್ತರವರೆಗೆ ಎಣಿಸಿ ಕೈ ತೊಳೆಯಬೇಕು. ಬಾಟಲಿ ಒತ್ತಿ ಸವರಿಕೊಳ್ಳುವ ಸ್ಯಾನಿಟೈಸರಿಗೆ ಈ ವೈರಸ್ಸು ಕ್ಯಾರೇ ಅನ್ನುವುದಿಲ್ಲ ಎಂದು ಅವಳು ಹೇಳಿದ್ದನ್ನು ಕೇಳಿ ಕೇಳಿ ಗಂಡನಿಗೆ ಬಾಯಿಪಾಠವಾಗಿತ್ತು.

ಬುಧವಾರ ಬೆಳಿಗ್ಗೆ ಬಂದ ಇಪ್ಪತ್ಮೂರು ಡಬ್ಬಿಗಳ ಮೇಲಿನ ವಿಳಾಸವನ್ನು ಅವಳು ಎರಡೆರಡು ಸಲ ಓದಿದಳು. ಅದು ಅವಳ ಅಕ್ಕ ಅಡುಗೆ ಮಾಡುವ ಶಿಶುವಿಹಾರ. ಇಪ್ಪತ್ತೆರಡು ಡಬ್ಬಿ ಮಕ್ಕಳವು, ಕೊನೆಯದು ಅಕ್ಕನದೇ. ಅಲ್ಲಿನ ಕಾವಲುಗಾರನ ಮೊಮ್ಮಗಳು, ಮೂರು ವರ್ಷದ್ದು, ತೀವ್ರನಿಗಾ ಘಟಕದಲ್ಲಿ ಮಲಗಿತ್ತು. ಮೈಯ ನೀರೆಲ್ಲ ಬತ್ತಿ, ಮಂಗಳವಾರ ಸಂಜೆಯಿಂದ ಮೂತ್ರವೇ ಆಗಿರಲಿಲ್ಲ. ಅಕ್ಕನನ್ನು ಮನೆಗೆ ಕಳಿಸಿದ್ದರು. ಅವಳ ವೈರಸ್ಸೂ ಮಕ್ಕಳದೂ ಒಂದೇ ಎಂದಾದರೆ ಕೆಲಸ ಹೋದಂತೆಯೇ ಎಂದು ತನಿಖೆಗೆ ಬಂದವರು ಮುಖದ ಮೇಲೇ ಹೇಳಿ ಹೋಗಿದ್ದರು.

ಸೋಪಕ್ಕ ಯಾರಿಗೂ ಹೇಳದ ಒಂದು ವಿಷಯವಿತ್ತು. ಶನಿವಾರ ಸಂಜೆಯಿಂದ ಅವಳ ಹೊಟ್ಟೆಯೂ ಕೆಟ್ಟಿತ್ತು. ಭಾನುವಾರ ಸಂಜೆಗೆ ಹಿಡಿತಕ್ಕೆ ಬಂತು ಅನ್ನಿಸಿತು. ಸೋಮವಾರ ಬೆಳಿಗ್ಗೆ ಅಕ್ಕ ಫೋನು ಮಾಡಿ, ಸಹಾಯಕಿ ಬಂದಿಲ್ಲ, ಒಂದು ಗಂಟೆ ಬಂದು ಹೋಗು ಎಂದಾಗ ಇಲ್ಲ ಅನ್ನಲಾಗಲಿಲ್ಲ. ಹೋದಳು, ಮಕ್ಕಳಿಗೆ ಹಣ್ಣು ಹೆಚ್ಚಿಕೊಟ್ಟಳು, ಅಲ್ಲಿಂದ ಕೆಲಸಕ್ಕೆ ಬಂದಳು. ಅವಳು ಹಣ್ಣು ಹೆಚ್ಚುತ್ತ ಕೂತ ಗೋಡೆಯ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದುಕೊಟ್ಟ ಹಾಳೆ ಇತ್ತು: ಸೋಪು ಹಚ್ಚಿ ಇಪ್ಪತ್ತು ಎಣಿಸಿ ಕೈ ತೊಳೆಯಿರಿ. ವಾಂತಿಭೇದಿ ನಿಂತ ಮೇಲೂ ಎರಡು ದಿನ ಅಡುಗೆಮನೆಗೆ ಬರಬೇಡಿ. ಹೇಳೋದು ಆಚಾರ, ಮಾಡೋದು ಅನಾಚಾರ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಎರಡು ದಿನ ಅವಳು ಡಬ್ಬಿಗಳ ಮುಂದೆ ಕೂತು ಕೆಲಸ ಮಾಡಿದಳು. ನನ್ನದು ಬರೀ ಅಜೀರ್ಣ ಇದ್ದೀತು ಎಂದು ಸಮಾಧಾನ ಮಾಡಿಕೊಳ್ಳುವಳು. ಪಕ್ಕದವರು ಯಾರಾದರೂ ಶಿಶುವಿಹಾರ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಳು.

ಶುಕ್ರವಾರ ಬೆಳಿಗ್ಗೆ ಫಲಿತಾಂಶ ಬಂತು. ಇಪ್ಪತ್ಮೂರರಲ್ಲೂ ಒಂದೇ ವೈರಸ್ಸು. ಅವಳು ಹೆದರಿದ್ದು ಅದಕ್ಕಲ್ಲ. ಪ್ರತಿ ಸಲ ಯಂತ್ರಕ್ಕೆ ರೋಗಿಗಳ ಮಾದರಿಯ ಜೊತೆ ಬರೀ ಶುದ್ಧ ನೀರಿನ ಒಂದು ಕೊಳವೆಯನ್ನೂ ಇಡುತ್ತಾರೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ಎಲ್ಲೋ ಹೊಲಸು ಸೇರಿದೆ ಎಂದರ್ಥ. ಈ ಸಲ ನೀರಿನಲ್ಲೂ ವೈರಸ್ಸು ಸಿಕ್ಕಿತ್ತು. ಮಕ್ಕಳದರ ಪಕ್ಕ ಇಟ್ಟರೆ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ.

ಅವಳ ಮೇಲಧಿಕಾರಿ ಡಾಕ್ಟರು ತಲೆಯನ್ನೇನೂ ಕೆಡಿಸಿಕೊಳ್ಳಲಿಲ್ಲ. ಪಕ್ಕದ ಮಾದರಿಯಿಂದ ಒಂದು ಹನಿ ಸಿಡಿದಿರಬಹುದು, ಇನ್ನೊಮ್ಮೆ ಮಾಡಿ, ಐದು ಗಂಟೆಗೆ ವರದಿ ಕೊಡಿ, ಮೂಲ ಅಡುಗೆಯವರೇ ಎಂದು ಕಾಣುತ್ತದೆ ಎಂದರು. ಯಾರಾದರೂ ಒಪ್ಪುವ ಮಾತೇ. ಆದರೆ ವಾರಕ್ಕಾಗುವಷ್ಟು ನೀರನ್ನು ಸೋಮವಾರವೇ ಎಂಟು ಕೊಳವೆಗೆ ತುಂಬಿ, ಬೇರೆ ಕೋಣೆಯ ಫ್ರಿಜ್ಜಿನಲ್ಲಿಡುವುದು ಸೋಪಕ್ಕನ ಪದ್ಧತಿ. ಅದರಲ್ಲಿ ಮೂರು ಇನ್ನೂ ಮುಚ್ಚಳ ತೆಗೆಯದೆ ಉಳಿದಿದ್ದವು. ಮಕ್ಕಳ ಡಬ್ಬಿ ಈ ಕಟ್ಟಡಕ್ಕೆ ಕಾಲಿಟ್ಟದ್ದು ಬುಧವಾರ.

ಮೂರನ್ನೂ ಪರೀಕ್ಷೆಗಿಟ್ಟು ಕೂತಳು. ಸೋಮವಾರ ನೀರು ತುಂಬುವ ನಡುವೆ ಹೊಟ್ಟೆ ಹಿಂಡಿ ಶೌಚಾಲಯಕ್ಕೆ ಓಡಿದ್ದು, ಟ್ಯಾಂಕು ತೊಳೆಯುತ್ತಿದ್ದರಿಂದ ನಲ್ಲಿಯಲ್ಲಿ ನೀರಿಲ್ಲದೆ ಬಾಟಲಿ ಒತ್ತಿ ಕೈ ಸವರಿಕೊಂಡದ್ದು, ಅದೇ ಕೈಯಲ್ಲಿ ಕೈಗವಸು ಎಳೆದುಕೊಂಡದ್ದು ಎಲ್ಲ ನೆನಪಾಯಿತು. ಹನ್ನೆರಡೂವರೆಗೆ ಪರದೆಯ ಮೇಲೆ ಮೂರು ಗೆರೆ ಮೇಲಕ್ಕೆದ್ದವು. ಮೂರರಲ್ಲೂ ವೈರಸ್ಸಿತ್ತು. ಮಕ್ಕಳ ಡಬ್ಬಿ ಬರುವ ಮೊದಲೇ ನೀರಿಗೆ ಸೇರಿದ್ದು ಅವಳದೇ. ಮಗು ಉಳಿಯದಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಅವಳು ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಅಡುಗೆಮನೆಯ ಬಿಳಿ ಏಪ್ರನ್ನಿಗೆ ಇಸ್ತ್ರಿ ಹಾಕುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಂತು, ಮುಖ ನೋಡದೆ, ಎಲ್ಲ ಹೇಳಿದಳು. ಅಕ್ಕ ಇಸ್ತ್ರಿಪೆಟ್ಟಿಗೆ ಆರಿಸಿದಳು.

"ಗೊತ್ತು," ಎಂದಳು. "ಹಣ್ಣು ಹೆಚ್ಚುವಾಗ ಎರಡು ಸಲ ಎದ್ದು ಹೋದೆ. ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗಲ್ವಾ? ಆಗ್ಲೇ ನಿನ್ನ ಕಳಿಸ್ಬೇಕಿತ್ತು. ಕೆಲಸ ಸಾಗ್ಲಿ ಅಂತ ಸುಮ್ನಿದ್ದೆ."

ಬೇರೆ ಯಾರಾದರೂ ಬಂದಿದ್ದರೇ ಎಂದು ತನಿಖೆಯವರು ಮೂರು ಸಲ ಕೇಳಿದ್ದರಂತೆ. ಇಲ್ಲ ಎಂದು ಮೂರು ಸಲವೂ ಹೇಳಿದ್ದಳಂತೆ.

"ನಂಗೆ ಇನ್ನೆರಡು ವರ್ಷದ ಕೆಲಸ. ನಿಂಗೆ ಹದಿನೈದು ವರ್ಷ ಇದೆ. ಹೋಗಿ ಆ ನೀರು ಚೆಲ್ಲಿಬಿಡು."

ಸುಳ್ಳೇಕೆ ಹೇಳಬೇಕು, ಆ ಕ್ಷಣ ಸೋಪಕ್ಕನಿಗೆ ಹೋದ ಜೀವ ಬಂದಂತಾಯಿತು. ಮೂರು ಕೊಳವೆ, ಒಂದು ಬೇಸಿನ್ನು, ಅರ್ಧ ನಿಮಿಷದ ಕೆಲಸ. ಅಕ್ಕನೇ ಹೇಳುತ್ತಿದ್ದಾಳಲ್ಲ.

ಆಗ ಅಕ್ಕನ ಫೋನು ಬಡಿದುಕೊಂಡಿತು. ಕಾವಲುಗಾರನ ಹೆಸರು ನೋಡಿ ಇಬ್ಬರೂ ಕೈ ಮುಂದೆ ಮಾಡಲಿಲ್ಲ. ಬಡಿದು ನಿಂತಿತು. ಮತ್ತೆ ಬಡಿಯತೊಡಗಿದಾಗ ಅಕ್ಕ ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಮುದುಕನ ದನಿ ಕೋಣೆಗೆಲ್ಲ ಕೇಳಿಸಿತು.

"ಅಮ್ಮಾ, ಮಗು ಈಗ ಉಚ್ಚೆ ಹೊಯ್ತು. ಅಪಾಯ ಕಳೀತು ಅಂದ್ರು. ನಿಮ್ಮ ತಂಗಿಯವರಿಗೂ ಹೇಳಿಬಿಡಿ. ಅವರು ಗೋಡೆ ಮೇಲೆ ಬರೆದಿದ್ದಾರಲ್ಲ, ಹಾಗೇ ಸೋಪು ಹಚ್ಚಿ ಇಪ್ಪತ್ತು ಎಣಿಸಿಯೇ ನಾವು ಮಗೂನ ಮುಟ್ತಾ ಇರೋದು."

ಸೋಪಕ್ಕ ಗೋಡೆಗೆ ಒರಗಿ ಅತ್ತಳು. ಅಕ್ಕ ಬೆನ್ನು ಸವರಿದಳೇ ಹೊರತು ನೀರಿನ ಮಾತು ಮತ್ತೆ ಎತ್ತಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಅವಳು ಡಾಕ್ಟರ ಮೇಜಿನ ಮೇಲೆ ವರದಿ ಇಟ್ಟಳು. ಅದರ ಪಕ್ಕ, ರೋಗಿಗಳು ಕೊಡುವಂಥದೇ ಒಂದು ಡಬ್ಬಿ. ಹೊಟ್ಟೆ ಸರಿಹೋದರೂ ಈ ವೈರಸ್ಸು ವಾರಗಟ್ಟಲೆ ಮಲದಲ್ಲಿ ಬೀಳುತ್ತಲೇ ಇರುತ್ತದೆಂದು ಅವಳಿಗೆ ತಿಳಿಯದ್ದೇನಲ್ಲ. ಡಬ್ಬಿಯ ಮೇಲೆ ಇಪ್ಪತ್ನಾಲ್ಕು ಎಂಬ ಸಂಖ್ಯೆ ಇತ್ತು. ಅದರ ಕೆಳಗೆ ಸೋಪಕ್ಕ ಎಂದಲ್ಲ, ಅಪ್ಪ ಇಟ್ಟ ಹೆಸರು. ಡಾಕ್ಟರು ಕನ್ನಡಕ ಹುಡುಕಿ ಹಾಕಿಕೊಂಡು ಅದನ್ನು ಓದುವವರೆಗೂ ಅವಳು ಅಲ್ಲೇ ನಿಂತಿದ್ದಳು.