ಅಕ್ಕೋರ ಉಡಿ

ತಂಕಮಣಿ ಅಕ್ಕೋರು ನಮ್ಮ ಸಾಲೆಗೆ ಹಿಂದಿ ಕಲಿಸಲು ಬಂದದ್ದು 1991ರಲ್ಲಿ. ಅವರ ಊರು ಕೇರಳದ ಕಣ್ಣೂರು. ಗಂಡನಿಗೆ ನವಿಲುತೀರ್ಥ ಅಣೆಕಟ್ಟಿನ ಕಾಲುವೆಯ ಕೆಲಸ ಸಿಕ್ಕಿತ್ತು, ಹಿಂದೆಯೇ ಇವರೂ ಬಂದರು. ಮೊದಮೊದಲು ಕಟಕ್ ರೊಟ್ಟಿ ಮುರಿದ ಸಪ್ಪಳಕ್ಕೇ ಬೆಚ್ಚುತ್ತಿದ್ದವರು, ಆಮೇಲಾಮೇಲೆ ಮುನವಳ್ಳಿ ಸಂತೆಯಲ್ಲಿ ನಮ್ಮವ್ವನಿಗಿಂತ ಜೋರಾಗಿ ಚೌಕಾಶಿ ಮಾಡತೊಡಗಿದರು. ಕಲಿಸುವುದರಲ್ಲಿ ಹೇಗಿದ್ದರು ಅಂತೀರಾ? ಅವರ ಕೈಯಲ್ಲಿ ಕಲಿತ ನಾನು, ಈ ಭಾಗ್ಯಾ, ಇವತ್ತು ರಾಮದುರ್ಗದಲ್ಲಿ ಹಿಂದಿ ಕಲಿಸುತ್ತೇನೆ. ಮತ್ತೇನು ಹೇಳಲಿ!

ನಮ್ಮ ಹಳೆಯ ಊರು ಅಣೆಕಟ್ಟಿನ ನೀರಿನ ತಳದಲ್ಲಿದೆ. ಅದರ ಚರಿತ್ರೆ ಬರೆಯಬೇಕೆಂದು ನಮಗಾರಿಗೂ ಹೊಳೆಯಲಿಲ್ಲ, ಹೊರಗಿನಿಂದ ಬಂದ ಅಕ್ಕೋರಿಗೆ ಹೊಳೆಯಿತು. ರವಿವಾರ ಬಂತೆಂದರೆ ಮುದುಕರ ಮುಂದೆ ಕುಳಿತು ಯಾರ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು ಎಂದು ಕೇಳುವರು. ಊರ ಹೊರಗಿನ ನಮ್ಮ ಕೇರಿಗೂ ಬಂದರು, ನಮ್ಮ ಮನೆಯಲ್ಲಿ ಚಹಾ ಕುಡಿದರು.

ಊರ ಹಿರಿಯ ರಾಮಲಿಂಗಪ್ಪನವರಿಗೆ ಇದನ್ನು ಸಹಿಸಲಾಗಲಿಲ್ಲ.

"ಅಕ್ಕೋರ, ಊರಂದ್ರ ಅಗಸಿ ಬಾಗಲದ ಒಳಗಿಂದು. ಕೇರಿ ತಗೀರಿ. ಇಲ್ಲಂದ್ರ ನಿಮ್ಮ ಪುಸ್ತಕದ ಕಾರ್ಯಕ್ರಮಕ್ಕ ಒಂದ ನರಪಿಳ್ಳಿನೂ ಬರಂಗಿಲ್ಲ."

"ನೀರು ಅಗಸಿ ನೋಡಿ ಒಳಗಷ್ಟ ಬಂದಿತ್ತೇನ್ರಿ ಗೌಡ್ರ?" ಎಂದರು ಅಕ್ಕೋರು.

ಮಾತೇನೋ ಆಡಿ ಬಂದರು, ಮುಖ ಬಾಡಿತ್ತು. ವರ್ಷಗಟ್ಟಲೆ ದುಡಿದ ಪುಸ್ತಕವನ್ನು ಊರೇ ಬೇಡವೆಂದರೆ ಬರೆದದ್ದು ಯಾರಿಗೆ? ಆದರೂ ಒಂದಕ್ಷರ ತೆಗೆಯಲಿಲ್ಲ.

2003ರಲ್ಲಿ ಪುಸ್ತಕ ಬಿಡುಗಡೆಯ ದಿನ ಸಾಲೆಯ ಅಂಗಳದ ಖುರ್ಚಿಗಳೆಲ್ಲ ಖಾಲಿ. ಬಂದವರು ನಾವು ಕೇರಿಯವರಷ್ಟೇ, ನಾವೂ ರೂಢಿಯಂತೆ ನೆಲದ ಮೇಲೆ ಕೂತೆವು. "ಖುರ್ಚಿ ನಿಮಗs ಹಾಕಿಸೇನಿ, ಏಳ್ರಿ" ಎಂದು ಅಕ್ಕೋರು ಗದರಿಸಿದರು. ಎದ್ದು ಖುರ್ಚಿಯ ಮೇಲೆ ಕೂತೆವು. ರಾಮಲಿಂಗಪ್ಪನವರು ಎದುರಿನ ಗುಡಿ ಕಟ್ಟೆಯ ಮೇಲೆ ಬೇರೆ ಕಡೆ ನೋಡುತ್ತ ಕುಳಿತಿದ್ದರು. ನೋಡದಿದ್ದರೇನು, ಮೈಕು ಜೋರಾಗಿತ್ತು.

ಅಕ್ಕೋರು ಓದಿದರು: "ಕೇರಿಯ ಮೊದಲ ಮನೆ ದುರ್ಗಪ್ಪನದು. ಬಾಗಿಲ ಮುಂದೆ ಬೇವಿನ ಗಿಡ. ಮಗಳು ರಾಯವ್ವ ಹುಟ್ಟಿದ್ದು ಇಲ್ಲಿಯೇ."

ರಾಯವ್ವ ಅಂದರೆ ನಮ್ಮವ್ವ. ಎದ್ದು ನಿಂತಳು. "ಇನ್ನೊಮ್ಮೆ ಓದ್ರಿ ಅಕ್ಕೋರ."

ಓದಿದರು. ನನ್ನ ಎದೆ ಉಬ್ಬಿತು. ಅವ್ವ ಮನೆಯಿಂದ ತಂದಿದ್ದ ಜೋಳ, ಕೊಬ್ಬರಿ, ಕುಪ್ಪಸದ ಖಣ ಹಿಡಿದು ಮುಂದೆ ಹೋದಳು.

"ನನ್ನ ತವರಮನಿ ನೀರಾಗಿಂದ ತಂದು ಕೊಟ್ರಿ. ನಿಮ್ಮ ತವರ ದೂರ ಐತಿ, ಇದನ್ನs ತವರ ಅನ್ಕೋರಿ. ಸೆರಗ ಒಡ್ಡ್ರಿ."

ಅಕ್ಕೋರು ಸೆರಗೊಡ್ಡಿದರು, ಅವ್ವ ಉಡಿ ತುಂಬಿದಳು. ತವರಿನವರು ಹೀಗೆ ಮಡಿಲು ತುಂಬಿದಾಗ ಮಗಳು ಅದರಲ್ಲಿ ಒಂದು ಹಿಡಿ ತವರಿಗೇ ಬಿಟ್ಟು ಹೋಗಬೇಕು, ತವರು ಬರಿದಾಗಬಾರದೆಂದು. ಅಕ್ಕೋರಿಗೆ ಆಗ ಯಾರೂ ಹೇಳಿಕೊಡಲಿಲ್ಲ. ಅಳುತ್ತಲೇ ಒಂದು ಹಿಡಿ ಜೋಳ ತೆಗೆದು ನಮ್ಮವ್ವನ ಸೆರಗಿಗೆ ಹಾಕಿದರು.