ನವಣೆಯ ಚಲಿಮಿಡಿ

ಮೊನ್ನೆ ನನ್ನ ಸೊಸೆ ಅಕ್ಕಿ ಹಿಟ್ಟಿಗೆ ಸಕ್ಕರೆ ಕಲಸಿ, ಮೇಲೊಂದು ಗೋಡಂಬಿ ಚುಚ್ಚಿ, "ತಗೊಳ್ರಿ ಅತ್ತೆ, ನಿಮಗಿಷ್ಟ ಅಂತ ಚಲಿಮಿಡಿ ಮಾಡೀನಿ" ಎಂದು ತಟ್ಟೆ ತಂದಿಟ್ಟಳು. ಪಾಪ, ಒಳ್ಳೆಯ ಹುಡುಗಿ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಸಕ್ಕರೆ ಹಾಕಿದ್ದು ಚಲಿಮಿಡಿಯಲ್ಲ. ನನ್ನನ್ನು ಕೇಳಿದರೆ ಅಕ್ಕಿಯದೂ ಚಲಿಮಿಡಿಯಲ್ಲ. ಚಲಿಮಿಡಿ ಎಂದರೆ ನವಣೆಯದು, ಬೆಲ್ಲದ್ದು, ಮೊಳಕಾಲ್ಮುರಿನ ನೇಕಾರರ ಮನೆಯ ಒರಳಿನಿಂದ ಎದ್ದದ್ದು. ಅದನ್ನು ಈಗ ಮಾಡುವವರಿಲ್ಲ, ಮಾಡಿ ಎಂದರೆ ನಗುತ್ತಾರೆ.

ನಾನೇ ಮಾಡಿಕೊಳ್ಳೋಣವೆಂದು ಚಳ್ಳಕೆರೆ ಪೇಟೆಗೆ ಹೋಗಿ ಕಾಳಿನ ಅಂಗಡಿಯಲ್ಲಿ ನವಣೆ ಕೇಳಿದೆ. ಅಂಗಡಿಯವನು ಹಲ್ಲು ಕಿರಿದು, "ಯಾಕಜ್ಜಿ, ಗಿಣಿ ಸಾಕೀರೇನು?" ಎಂದ. ಇವನ ಮುತ್ತಾತನೂ ನನ್ನ ಮುತ್ತಾತನೂ ನವಣೆ ಅನ್ನ ಉಂಡೇ ಬದುಕಿದವರು. ಈ ಕಡೆ ಪರಶುರಾಂಪುರದವರೆಗೆ ಹೋಗಿ ನೋಡಿ, ಹೊಲವೆಲ್ಲ ಶೇಂಗಾ. ಎಣ್ಣೆ ಗಿರಣಿಗೆ ಬೇಕಾದದ್ದನ್ನು ಬೆಳೆಯುತ್ತಾರೆ, ಹೊಟ್ಟೆಗೆ ಬೇಕಾದದ್ದನ್ನು ಹಕ್ಕಿಗೆ ಬಿಟ್ಟಿದ್ದಾರೆ. ಆ ಅಂಗಡಿಯವನಿಗೆ ಬಾಯಿಗೆ ಬಂದಂತೆ ಅಂದು ಬಂದೆ. ಅಂದದ್ದಕ್ಕೆ ಪಶ್ಚಾತ್ತಾಪವೇನೂ ಇಲ್ಲ.

ನಾನು ಹುಡುಗಿಯಾಗಿದ್ದಾಗ ನಮ್ಮೂರಿಗೆ ಮೋಟಾರು ಬಂದಿರಲಿಲ್ಲ. ಮನೆಮಾತು ತೆಲುಗು; ಅಮ್ಮ ಆಡಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಡುಮನೆಯ ಅರ್ಧ ಜಾಗವನ್ನು ಗುಂಡಿಮಗ್ಗ ನುಂಗಿತ್ತು. ಅಪ್ಪ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ಒಂದು ಸೀರೆ ಮಗ್ಗದಿಂದ ಇಳಿಯಿತೆಂದರೆ ಅಮ್ಮ ಚಲಿಮಿಡಿ ಮಾಡುತ್ತಿದ್ದಳು. ಹಿಂದಿನ ದಿನವೇ ನವಣೆ ನೆನೆಹಾಕಿ, ನೀರು ಬಸಿದು, ಹಳೆಯ ಬಟ್ಟೆಯ ಮೇಲೆ ಹರವಿ, ಇನ್ನೂ ಪಸೆಯಿರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಜರಡಿ ಹಿಡಿದ ಹಿಟ್ಟಿಗೆ ಬೆಲ್ಲ ಸೇರಿಸಿ ಮತ್ತೆ ಕುಟ್ಟಿದರೆ ಬೆಲ್ಲವೇ ನೀರೊಡೆದು ಹಿಟ್ಟನ್ನು ಮುದ್ದೆ ಮಾಡುತ್ತದೆ. ಒಲೆ ಹಚ್ಚುವ ಮಾತೇ ಇಲ್ಲ. ನವಣೆಗೆ ಒಂದು ಚೂರು ಕಹಿಯಿದೆ. ಬೆಲ್ಲದ ಸಿಹಿ ಕರಗಿದ ಮೇಲೆ ಅದು ನಾಲಿಗೆಗೆ ಸಿಗುತ್ತದೆ, ಆಗ ಇನ್ನೊಂದು ತುತ್ತು ಬೇಕೆನಿಸುತ್ತದೆ.

ತಿನ್ನುವುದು ಮಾತ್ರ ಹಿತ್ತಲಲ್ಲಿ. ಜಿಗುಟು ಕೈ ತಾಗಿದರೆ ರೇಷ್ಮೆ ಕೆಟ್ಟಿತು, ಬೆಲ್ಲದ ಚೂರು ಮಗ್ಗದ ಗುಂಡಿಗೆ ಬಿದ್ದರೆ ಇರುವೆ ಮುತ್ತಿತು. ತಿಂದಾದ ಮೇಲೆ ಸೀಗೆಪುಡಿಯಲ್ಲಿ ಕೈ ಉಜ್ಜಿ ಬಾಗಿಲಲ್ಲಿ ನಿಲ್ಲಬೇಕು. ಅಪ್ಪ ಒಬ್ಬೊಬ್ಬರ ಅಂಗೈಯನ್ನೂ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದ. ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ.

ಆಮೇಲೆ ನನ್ನನ್ನು ಚಳ್ಳಕೆರೆಗೆ ಕೊಟ್ಟರು. ಅವರೂ ನಮ್ಮ ಜನವೇ. ಆದರೆ ಮಾವನವರ ಕಾಲಕ್ಕೆ ಮಗ್ಗ ಕಿತ್ತುಹಾಕಿ ಜವಳಿ ಅಂಗಡಿ ಇಟ್ಟಿದ್ದರು. ಮಗ್ಗದ ಜೊತೆಗೆ ತೆಲುಗನ್ನೂ ನವಣೆಯನ್ನೂ ಮನೆಯಿಂದ ಹೊರಹಾಕಿದ್ದರು. ಮೂರು ಹೊತ್ತೂ ಅಕ್ಕಿ ಅನ್ನ. ಯಾರಾದರೂ ಬಾಗಿಲಿಗೆ ಬಂದರೆ ಸಾಕು, ಅತ್ತೆ, "ಈಗಷ್ಟೇ ಅನ್ನ ಉಂಡು ಎದ್ವಿ" ಎಂದು ಕೇಳದಿದ್ದರೂ ಹೇಳುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಮಾತು ನನ್ನ ಬಾಯಿ ತುದಿಗೆ ಎಷ್ಟೋ ಸಲ ಬಂದು ಹಿಂದಕ್ಕೆ ಹೋಗಿದೆ.

ನಾನು ಮೊದಲ ಸಲ ಬಸುರಾದೆ. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನಬಾರದು, ಅಂದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ಏನು ತಿನ್ನಂಗಾಗೈತೆ ಹೇಳಮ್ಮಿ, ನಾಚ್ಕೋಬ್ಯಾಡ" ಎಂದರು. ನಾಚಿಕೆ ಏಕೆಂದು, "ನವಣೆ ಚಲಿಮಿಡಿ" ಎಂದೆ.

ಅತ್ತೆಯ ಮುಖ ಕಪ್ಪಿಟ್ಟಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಎದ್ದು ಹೋದ ಮೇಲೆ ಅತ್ತೆ ನನ್ನ ಮೇಲೆ ಬಿದ್ದರು: "ನಮ್ಮನೇಲಿ ಅಕ್ಕಿಗೇನು ಬರ ಬಂದೈತಾ? ನಾಕು ಜನ ಏನಂತಾರೆ? ಸೊಸೇನ ಉಪಾಸ ಕೆಡವ್ಯಾರೆ ಅನ್ನಲ್ವಾ?"

ಮಗುವಿನ ಕಿವಿ ಸೋರಿದರೂ ಚಿಂತೆಯಿಲ್ಲ, ಮನೆಯ ಮಾನ ಸೋರಬಾರದು! ಅಂದಿನಿಂದ ಹೋಳಿಗೆ ಬಂತು, ಕಜ್ಜಾಯ ಬಂತು, ನಾನು ಕೇಳಿದ್ದೊಂದು ಬರಲಿಲ್ಲ. ಹಟಕ್ಕೆ ಬಿದ್ದು ಅವೆಲ್ಲವನ್ನೂ ಅರ್ಧ ತಿಂದು ಬಿಟ್ಟೆ.

ನನಗೆ ಒಂದು ಧೈರ್ಯವಿತ್ತು. ಏಳನೆಯ ತಿಂಗಳಲ್ಲಿ ತಾಯಿ ಚಲಿಮಿಡಿ ತಂದು ಮಗಳ ಮಡಿಲಿಗೆ ಹಾಕಬೇಕು, ಅದರಿಂದ ಮಗಳ ಹೊಟ್ಟೆ ತಂಪಾಗುತ್ತದೆ ಎಂಬುದು ನಮ್ಮವರ ಪದ್ಧತಿ. ಅದನ್ನು ಅತ್ತೆಯೂ ತಪ್ಪಿಸುವಂತಿರಲಿಲ್ಲ. ಅಪ್ಪ ಸೀರೆ ಕೊಡಲು ಮಾವನವರ ಅಂಗಡಿಗೆ ಬಂದಾಗ ಬಾಗಿಲ ಮರೆಯಲ್ಲಿ ನಿಂತು, "ನವಣೇದೇ ತರ್ಬೇಕು ಅಂತ ಅಮ್ಮನಿಗೆ ಹೇಳಪ್ಪ" ಎಂದು ಹೇಳಿ ಕಳಿಸಿದೆ.

ಆ ದಿನ ಬಾಡಿಗೆ ಗಾಡಿಯಲ್ಲಿ ಅಮ್ಮ ಬಂದಳು. ಹಿತ್ತಾಳೆ ಡಬ್ಬಿ ತೆರೆದಳು. ಒಳಗೆ ಬೆಳ್ಳಗೆ, ನುಣ್ಣಗೆ, ಏಲಕ್ಕಿ ಘಮಘಮಿಸುವ ಅಕ್ಕಿ ಚಲಿಮಿಡಿ. ಅತ್ತೆ ಚಿಟಿಕೆ ಬಾಯಿಗಿಟ್ಟುಕೊಂಡು, "ಬೀಗಿತ್ತಿ, ಕೈ ಅಂದ್ರೆ ನಿಮ್ಮ ಕೈ ಕಣ್ರಿ" ಎಂದರು. ಅಮ್ಮನ ಮುಖ ಹೂವಿನಂತೆ ಅರಳಿತು. ನಾನು ಇನ್ನೊಂದು ಗಂಟು ಎಲ್ಲಿದೆ ಎಂದು ಅವಳ ಸುತ್ತಮುತ್ತ ನೋಡುತ್ತಲೇ ಇದ್ದೆ.

ಹಿತ್ತಲಲ್ಲಿ ಒಬ್ಬಳೇ ಸಿಕ್ಕಾಗ ಕೇಳಿದೆ: "ನಂದೆಲ್ಲಿ?"

ಅಮ್ಮ ಆಚೀಚೆ ನೋಡಿ ದನಿ ತಗ್ಗಿಸಿದಳು. "ಮಾಡಿದ್ದೆ ತಾಯಿ. ಗಂಟು ಕಟ್ಕೊಂಡೇ ಹೊರಟಿದ್ದೆ. ಊರು ಹತ್ರ ಬಂದಂಗೆ ಎದೆ ಡವಡವ ಅಂತು. ನಿಮ್ಮತ್ತೆ ಬಿಚ್ಚಿ ನೋಡಿದ್ರೆ ನಿನ್ನ ಆಡ್ಕೊಳ್ಳಲ್ವಾ? ಗಾಡಿ ನಿಲ್ಲಿಸಿ ಎತ್ತಿಗೆ ತಿನ್ನಿಸಿಬಿಟ್ಟೆ."

"ಎತ್ತಿಗಾ?"

"ಎರಡಕ್ಕೂ ಸಮ ಹಂಚ್ದೆ."

ಸಮ ಹಂಚಿದಳಂತೆ! ಎತ್ತುಗಳಿಗೆ ಅನ್ಯಾಯವಾಗಬಾರದಲ್ಲ! "ಬಸುರಿ ನಾನೋ, ಆ ಎತ್ತೋ?" ಎಂದು ಕಿರುಚಿದೆ. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅತ್ತೆಯ ಮೇಲೆ ಬಂದ ಕೋಪ ಅಂಥ ದೊಡ್ಡದಲ್ಲ, ಅವರು ಇದ್ದದ್ದೇ ಹಾಗೆ. ಆದರೆ ತನ್ನ ಕೈಯಾರೆ ಕುಟ್ಟಿದ್ದನ್ನು ನನ್ನ ಅಮ್ಮ ಕಳ್ಳಮಾಲಿನಂತೆ ದಾರಿಯಲ್ಲಿ ಕಳಚಿಕೊಂಡು ಬಂದಳಲ್ಲ, ಅದಕ್ಕೆ ನನಗೆ ಅಳುವಷ್ಟು ಸಿಟ್ಟು ಬಂತು.

ಹೋಗಲಿ, ಹೆರಿಗೆಗೆ ತವರಿಗೆ ಹೋಗುತ್ತೇನಲ್ಲ, ಅಲ್ಲಿ ಯಾರ ಹಂಗು ಎಂದು ಸಮಾಧಾನ ಮಾಡಿಕೊಂಡೆ. ಒಂದು ತಿಂಗಳು ಬಿಟ್ಟು ಅಪ್ಪ ಬಂದು ಕರೆದುಕೊಂಡು ಹೋದ. ಗಾಡಿಯ ಕುಲುಕಾಟದಲ್ಲೂ ನನ್ನ ಧ್ಯಾನವೆಲ್ಲ ಆ ಒರಳಿನ ಮೇಲೆಯೇ. ಹೆತ್ತರೆ ಮುಗಿಯಿತು, ಬಾಣಂತಿಗೆ ಇಂಥ ತಂಪಿನ ತಿಂಡಿ ಕೊಡುವುದಿಲ್ಲ. ತಿಂದರೆ ಅಷ್ಟರೊಳಗೇ ತಿನ್ನಬೇಕಿತ್ತು.

ಮೊದಲ ದಿನ ಊಟಕ್ಕೆ ಕೂತಾಗ ಎಲ್ಲರ ತಟ್ಟೆಯಲ್ಲೂ ನವಣೆ ಅನ್ನ, ನನ್ನ ತಟ್ಟೆಯಲ್ಲಿ ಅಕ್ಕಿ ಅನ್ನ. ನನಗೆಂದೇ ಪೇಟೆಯಿಂದ ತಂದಿದ್ದರು. ಕೂರಲು ಮಣೆ ಬೇರೆ ಹಾಕಿದ್ದರು. ನಾನು ಆ ಮನೆಯಲ್ಲಿ ಯಾವತ್ತು ಮಣೆಯ ಮೇಲೆ ಕೂತಿದ್ದೆ? ಬಂದ ದಿನವೇ ಜಗಳವೇಕೆಂದು ಉಂಡೆ.

ಒಂದು ಮಧ್ಯಾಹ್ನ ಒರಳಿನ ಸದ್ದು ಕೇಳಿತು. ನೆಂದ ನವಣೆಯ ವಾಸನೆ ಪಡಸಾಲೆಯವರೆಗೂ ಬಂತು. ಭಾರವಾದ ಮೈ ಎತ್ತಿಕೊಂಡು ಹಿತ್ತಲಿಗೆ ಹೋಗಿ ತಂಗಿಯ ಪಕ್ಕದಲ್ಲಿ ಕೂತು ಕೈ ಚಾಚಿದೆ. ಅಮ್ಮ ತಂಗಿಯ ಕೈಗೆ ಒಂದು ಹಳದಿ ಮುದ್ದೆ ಹಾಕಿದಳು. ಒಳಗೆ ಹೋಗಿ ಬೇರೆ ಬಟ್ಟಲು ತಂದು ನನ್ನ ಕೈಗೆ ಬಿಳಿಯದನ್ನು ಹಾಕಿದಳು.

ನನಗೆ ತಡೆಯಲಾಗಲಿಲ್ಲ. "ಇಲ್ಲಿ ಯಾವ ಅತ್ತೆ ನೋಡ್ತಾಳೆ? ಯಾರಿಗೆ ಹೆದರ್ತೀಯಮ್ಮ? ನನಗೂ ಅದನ್ನೇ ಕೊಡು" ಎಂದೆ.

ಅಮ್ಮ ಹೆದರಿರಲಿಲ್ಲ. ಇದೇನು ಕೇಳುತ್ತಾಳೆ ಇವಳು ಎಂಬಂತೆ ನನ್ನನ್ನೇ ನೋಡಿದಳು. ನನ್ನ ತಲೆ ಸವರಿ, ಬಹಳ ಮೆತ್ತಗೆ, ಬೇರೆಯವರ ಮನೆಯ ಹೆಣ್ಣಿಗೆ ಹೇಳುವಷ್ಟು ಮರ್ಯಾದೆಯಿಂದ ಹೇಳಿದಳು:

"ನಿನಗೆ ಹೆಂಗೆ ಕೊಡ್ಲಮ್ಮ? ಅದು ಮನೆಯೋರು ತಿನ್ನೋದು."